ಓಕ್‌ಮಾಂಟ್‌ನ ಹುಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಪಿಟ್ಸ್‌ಬರ್ಗ್ ಅಂದ ತಕ್ಷಣ ನಮ್ಮೋರಿಗೆ ನೆನಪಾಗೋದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, 1970ರ ದಶಕದಲ್ಲಿ ಕಟ್ಟಿದ್ದು, ಮಕ್ಕಳ ಮನೆಗೆ ಹೋದ ಎಷ್ಟೋ ಅಪ್ಪ ಅಮ್ಮಂದಿರು ಅಲ್ಲಿಗೆ ಹೋಗಿ ಬಂದಿರ್ತಾರೆ. ಕ್ಲೀವ್‌ಲ್ಯಾಂಡ್ ಕಡೆಯಿಂದ ಆ ದೇವಸ್ಥಾನಕ್ಕೆ ಬರೋರು ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಅನ್ನೋ ಟೋಲ್ ರೋಡ್ ಹಿಡಿದು ಬರ್ತಾರಲ್ಲ, ಅಲೆಘನಿ ನದಿ ದಾಟಿದ ಸ್ವಲ್ಪ ಹೊತ್ತಿಗೆ ರಸ್ತೆ ಒಂದು ತಗ್ಗಿಗೆ ಇಳಿಯುತ್ತೆ, ಎರಡೂ ಕಡೆ ದಿಣ್ಣೆ, ತಲೆ ಮೇಲೆ ಸೇತುವೆ, ಕಣ್ಣು ಮಿಟುಕಿಸೋದ್ರೊಳಗೆ ದಾಟಿ ಹೋಗಿರುತ್ತೆ. ಆ ದಿಣ್ಣೆಗಳ ಮೇಲಿರೋದೇ ಓಕ್‌ಮಾಂಟ್ ಕಂಟ್ರಿ ಕ್ಲಬ್. ರಸ್ತೆ ಆ ಗಾಲ್ಫ್ ಮೈದಾನದ ಮಧ್ಯದಲ್ಲೇ ಹಾದು ಹೋಗುತ್ತೆ, 18 ಹೋಲ್‌ಗಳಲ್ಲಿ ಏಳು ಒಂದು ಕಡೆ, ಹನ್ನೊಂದು ಇನ್ನೊಂದು ಕಡೆ. ಹೋಲ್ ಅಂದ್ರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದೊಂದು ಭಾಗ.

ನಾನು ಗಾಲ್ಫ್ ಆಡೋನಲ್ಲ. ಕೆಲಸ ಮಾಡಿದ್ದೆಲ್ಲ ತೋಟಗಾರಿಕೆಯಲ್ಲಿ, ಮಣ್ಣು, ಗೊಬ್ಬರ, ನೀರು, ಹುಲ್ಲುಹಾಸು ಇದೇ ಜೀವನ. 2025ರ ಜೂನ್‌ನಲ್ಲಿ ಮಗಳ ಮನೇಲಿದ್ದಾಗ ಅಳಿಯಂದ್ರು ಯುಎಸ್ ಓಪನ್ ಅನ್ನೋ ದೊಡ್ಡ ಗಾಲ್ಫ್ ಪಂದ್ಯದ ಪ್ರಾಕ್ಟೀಸ್ ದಿನಕ್ಕೆ ಟಿಕೆಟ್ ತಗೊಂಡು, ಬನ್ನಿ ಮಾವ, ನಿಮಗೆ ಆಟ ಬೇಡ, ಹುಲ್ಲು ನೋಡಿ ಸಾಕು ಅಂತ ಕರ್ಕೊಂಡು ಹೋದ್ರು. ಹೋದ್ಮೇಲೆ ಈ ಕ್ಲಬ್ಬಿನ ಇತಿಹಾಸ ನನ್ನನ್ನ ಬಿಡ್ಲೇ ಇಲ್ಲ, ಸಿಕ್ಕಿದ್ದೆಲ್ಲ ಓದಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ.

1903ರಲ್ಲಿ ಹೆನ್ರಿ ಫೌನ್ಸ್ ಅನ್ನೋ ಕಬ್ಬಿಣದ ಉದ್ಯಮಿ ಈ ಕ್ಲಬ್ ಶುರು ಮಾಡಿದ್ರು. ಕಾರ್ಖಾನೆಯನ್ನ ಕಾರ್ನೆಗಿ ಕಂಪನಿಗೆ ಮಾರಿದ್ರು, ದುಡ್ಡಿತ್ತು, ಸಮಯ ಇತ್ತು, ನಡುವಯಸ್ಸಿನಲ್ಲಿ ಹಿಡಿದ ಗಾಲ್ಫ್ ಹುಚ್ಚು ಬೇರೆ. ಪಿಟ್ಸ್‌ಬರ್ಗ್ ಪಕ್ಕದ ಹೊಲಗಳನ್ನ ಕೊಂಡು, ನೂರೈವತ್ತು ಜನ ಆಳು, ಹೇಸರಗತ್ತೆಗಳ ಜೊತೆ ಒಂದು ವರ್ಷದಲ್ಲಿ ಮೈದಾನ ಮಾಡಿ 1904ರಲ್ಲಿ ತೆರೆದ್ರು. ಹಾಗೆ ನೋಡಿದ್ರೆ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಇದಕ್ಕಿಂತ 27 ವರ್ಷ ಹಳೇದು. ಆದ್ರೆ ಫೌನ್ಸ್‌ಗೆ ಒಂದು ಹಠ ಇತ್ತು, ಅಂಥ ಹಠ ನಾನು ಬೇರೆ ಯಾವ ಮೈದಾನದ ಕಥೇಲೂ ಕೇಳಿಲ್ಲ. ಕೆಟ್ಟ ಹೊಡೆತಕ್ಕೆ ಕ್ಷಮೆ ಇರಬಾರದು, ಅಷ್ಟೇ. ಅವ್ರ ಮಗ ವಿಲಿಯಂ ಫೌನ್ಸ್ ಅಪ್ಪನಿಗಿಂತ ಒಂದು ಕೈ ಮೇಲು, 1910ರಲ್ಲಿ ಯುಎಸ್ ಅಮೆಚೂರ್ ಅನ್ನೋ ಹವ್ಯಾಸಿಗಳ ಪಂದ್ಯ ಗೆದ್ದ ಆಟಗಾರ, ಮುಂದೆ ಅಮೆರಿಕದ ಗಾಲ್ಫ್ ಸಂಸ್ಥೆಗೇ ಅಧ್ಯಕ್ಷರಾದ್ರು. ಯಾರಾದ್ರೂ ಚೆಂಡನ್ನ ದಾರಿ ತಪ್ಪಿಸಿ ಹೊಡೆದೂ ಸುಲಭವಾಗಿ ಪಾರಾದ್ರೆ, ವಿಲಿಯಂ ಆ ಜಾಗ ನೋಡಿಟ್ಟುಕೊಂಡು ಅಲ್ಲೊಂದು ಮರಳಿನ ಗುಂಡಿ ತೋಡಿಸ್ತಿದ್ರಂತೆ. ಆ ಗುಂಡಿಗೆ ಬಂಕರ್ ಅಂತಾರೆ. ಹೀಗೆ ತೋಡಿ ತೋಡಿ ಒಂದು ಕಾಲಕ್ಕೆ ಬಂಕರ್‌ಗಳು 200 ದಾಟಿದ್ವು.

ಇಲ್ಲಿ ಮಣ್ಣಿನ ವಿಷ್ಯ ಹೇಳ್ಲೇಬೇಕು. ಅಲ್ಲಿಯದ್ದು ಜೇಡಿಮಣ್ಣು, ನೀರು ಬೇಗ ಇಂಗಲ್ಲ, ಆಳವಾಗಿ ತೋಡಿದ್ರೆ ಬಂಕರ್ ಕೆರೆ ಆಗ್ಬಿಡುತ್ತೆ. ಹಾಗಂತ ಆಳ ಇಲ್ಲದ ಗುಂಡಿಯಿಂದ ಚೆಂಡು ಎತ್ತೋದು ಸುಲಭ. ಅದಕ್ಕೆ ಅವ್ರು ಏನು ಮಾಡಿದ್ರು ಅಂದ್ರೆ, ದೊಡ್ಡ ದೊಡ್ಡ ಹಲ್ಲಿನ ಭಾರದ ಕುಂಟೆ ಮಾಡಿಸಿ ಮರಳಿನಲ್ಲಿ ಸಾಲು ಎಳೆದ್ರು, ನಾವು ಹೊಲದಲ್ಲಿ ಬಿತ್ತನೆಗೆ ಸಾಲು ಹೊಡೆಯಲ್ವಾ, ಹಾಗೇ. ಚೆಂಡು ಹೋಗಿ ಆ ಸಾಲಿನ ಮಧ್ಯ ಕೂತ್ರೆ ಮುಗೀತು, ಪಕ್ಕಕ್ಕೆ ತಳ್ಳೋದು ಬಿಟ್ರೆ ಬೇರೆ ದಾರಿ ಇಲ್ಲ. ಆಟಗಾರರು ಶಾಪ ಹಾಕಿದ್ದೂ ಹಾಕಿದ್ದೇ, ಕ್ಲಬ್‌ನೋರು ದಶಕಗಟ್ಟಲೆ ಬಿಡಲಿಲ್ಲ. ಆಮೇಲೆ ಕೈಬಿಟ್ರು. ಆದ್ರೆ 3ನೇ ಮತ್ತು 4ನೇ ಹೋಲ್ ಮಧ್ಯ ಇರೋ ಚರ್ಚ್ ಪ್ಯೂಸ್ ಅನ್ನೋ ಬಂಕರ್ ಇವತ್ತಿಗೂ ಇದೆ. ನೂರು ಗಜಕ್ಕೂ ಉದ್ದದ ಮರಳು, ಅದರಲ್ಲಿ ಅಡ್ಡಡ್ಡ ಹುಲ್ಲಿನ ದಿಂಡುಗಳು, ಚರ್ಚಿನಲ್ಲಿ ಬೆಂಚು ಸಾಲಾಗಿ ಹಾಕಿರ್ತಾರಲ್ಲ ಹಂಗೆ ಕಾಣುತ್ತೆ. ನಂಗೆ ಅದು ಬದು ಕಟ್ಟಿದ ಹೊಲದ ಹಾಗೆ ಕಂಡಿತು.

ಇನ್ನು ಗ್ರೀನ್. ಅಂದ್ರೆ ಕುಳಿ ಇರೋ ಸುತ್ತಲಿನ ನುಣ್ಣನೆ ಹುಲ್ಲಿನ ಜಾಗ. ಅಲ್ಲಿರೋದು ಪೋವಾ ಆನುವಾ ಅನ್ನೋ ಹುಲ್ಲು, ಬೇರೆ ಕಡೆ ಇದನ್ನ ಕಳೆ ಅಂತ ಕಿತ್ತು ಬಿಸಾಕ್ತಾರೆ. ಓಕ್‌ಮಾಂಟ್‌ನೋರು ಅದೇ ಕಳೆಯನ್ನ ನೂರಕ್ಕೂ ಹೆಚ್ಚು ವರ್ಷ ಕತ್ತರಿಸಿ, ಉರುಳೆ ಹೊಡೆದು, ಒತ್ತಿ ಒತ್ತಿ ಕಾರ್ಪೆಟ್ ಮಾಡಿದ್ದಾರೆ. ಇದನ್ನ ಕೇಳಿದಾಗ ನಂಗೆ ರೋಮಾಂಚನ ಆಯ್ತು ನೋಡಿ. ಅದರ ಮೇಲೆ ಚೆಂಡು ಎಷ್ಟು ಜೋರಾಗಿ ಓಡುತ್ತೆ ಅಂದ್ರೆ, 1935ರ ಯುಎಸ್ ಓಪನ್‌ನಲ್ಲಿ ಜೀನ್ ಸಾರಜನ್ ಅನ್ನೋ ದೊಡ್ಡ ಆಟಗಾರ ಮೆಲ್ಲಗೆ ತಳ್ಳಿದ ಚೆಂಡು ಗ್ರೀನ್ ದಾಟಿ ಬಂಕರ್‌ಗೆ ಬಿತ್ತು. ನೋಡ್ತಾ ನಿಂತಿದ್ದ ಎಡ್ವರ್ಡ್ ಸ್ಟಿಂಪ್ಸನ್ ಅನ್ನೋರಿಗೆ ಇದು ಅನ್ಯಾಯ ಅನ್ನಿಸ್ತು, ಆದ್ರೆ ಅನ್ಯಾಯ ಅಂತ ತೋರಿಸೋಕೆ ಅಳತೆ ಬೇಕಲ್ಲ, ಮನೆಗೆ ಹೋಗಿ ಮರದ್ದೊಂದು ದೋಣಿ ಥರದ ಪಟ್ಟಿ ಮಾಡಿದ್ರು. ಚೆಂಡನ್ನ ಪಟ್ಟಿಯ ಒಂದು ತುದೀಲಿಟ್ಟು ನಿಧಾನಕ್ಕೆ ಎತ್ತೋದು, ಒಂದು ಮಟ್ಟಕ್ಕೆ ಬಂದಾಗ ಚೆಂಡು ತಾನೇ ಉರುಳುತ್ತೆ, ಎಷ್ಟು ಅಡಿ ಓಡ್ತು ಅಂತ ಅಳೆಯೋದು. ಅದೇ ಸ್ಟಿಂಪ್‌ಮೀಟರ್. 1978ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಅದನ್ನ ಎಲ್ಲಾ ಕಡೆಗೂ ಕೊಡೋಕೆ ಶುರು ಮಾಡ್ತು, ಇವತ್ತು ಜಗತ್ತಿನ ಗಾಲ್ಫ್ ಮೈದಾನಗಳಲ್ಲೆಲ್ಲ ಅದೇ ಅಳತೆ.

ಇಂಥ ಮೈದಾನಕ್ಕೆ ದೊಡ್ಡ ಪಂದ್ಯಗಳು ಹುಡುಕ್ಕೊಂಡು ಬಂದ್ವು. ಯುಎಸ್ ಓಪನ್ ಮೊದಲು ಬಂದಿದ್ದು 1927ರಲ್ಲಿ, 2025ರದ್ದು ಹತ್ತನೇದು, ಬೇರೆ ಯಾವ ಕ್ಲಬ್ಬಿಗೂ ಅಷ್ಟು ಸಲ ಸಿಕ್ಕಿಲ್ಲ. ವೃತ್ತಿಪರ ಆಟಗಾರರ ಸಂಸ್ಥೆಯಾದ ಪಿಜಿಎ ನಡೆಸೋ ಪಿಜಿಎ ಚಾಂಪಿಯನ್‌ಶಿಪ್ ಮೂರು ಸಲ, ಮಹಿಳೆಯರ ಓಪನ್ ಎರಡು ಸಲ ನಡೆದಿದೆ. 1935ರಲ್ಲಿ ಗೆದ್ದಿದ್ದು ಪಿಟ್ಸ್‌ಬರ್ಗ್‌ನೋರೇ ಆದ ಸ್ಯಾಮ್ ಪಾರ್ಕ್ಸ್, ಒಟ್ಟು 299 ಹೊಡೆತ, ಗಾಲ್ಫ್‌ನಲ್ಲಿ ಹೊಡೆತ ಕಮ್ಮಿ ಆದೋರೇ ಗೆಲ್ಲೋದು, ಇಡೀ ಪಂದ್ಯದಲ್ಲಿ 300ರ ಕೆಳಗೆ ಇಳಿದೋನು ಆತ ಒಬ್ನೇ. 1953ರಲ್ಲಿ ಬೆನ್ ಹೋಗನ್ ಆರು ಹೊಡೆತದ ಅಂತರದಲ್ಲಿ ಗೆದ್ರು, ಅದಕ್ಕೆ ನಾಲ್ಕು ವರ್ಷ ಮುಂಚೆ ಬಸ್ಸಿಗೆ ಕಾರು ಡಿಕ್ಕಿಯಾಗಿ ಮತ್ತೆ ನಡೆಯೋದೇ ಅನುಮಾನ ಅಂದಿದ್ರಂತೆ ಡಾಕ್ಟರ್‌ಗಳು.

1962ರ ಪಂದ್ಯ ಮಾತ್ರ ಊರಿನೋರು ಇವತ್ತಿಗೂ ಮರೆತಿಲ್ಲ. ಆಗಿನ ದೊಡ್ಡ ಆಟಗಾರ ಆರ್ನಾಲ್ಡ್ ಪಾಮರ್ ಊರು ಲ್ಯಾಟ್ರೋಬ್, ಅಲ್ಲೇ ಹತ್ತಿರ, ಜನ ಎಲ್ಲಾ ಅವ್ರ ಕಡೆ. ಎದುರಿಗೆ 22 ವರ್ಷದ ಜ್ಯಾಕ್ ನಿಕ್ಲಾಸ್, ದಪ್ಪನೆ ಹುಡುಗ, ಪ್ರೊಫೆಷನಲ್ ಆದ್ಮೇಲೆ ಇನ್ನೂ ಒಂದೂ ಪಂದ್ಯ ಗೆದ್ದಿರಲಿಲ್ಲ. ತಲಾ 18 ಹೋಲ್‌ನ ನಾಲ್ಕು ಸುತ್ತು ಮುಗಿದಾಗ ಇಬ್ರೂ ಸಮ, ಮಾರನೇ ದಿನ ಮತ್ತೆ 18 ಹೋಲ್ ಆಡಿ ನಿಕ್ಲಾಸ್ 71, ಪಾಮರ್ 74. ಸೋಲಿಗೆ ಕಾರಣ ಹುಡುಕಿದ್ರೆ ಮತ್ತೆ ಆ ಗ್ರೀನ್‌ಗೇ ಬರ್ತೀವಿ. ಗ್ರೀನ್ ಮೇಲೆ ಚೆಂಡನ್ನ ಮೆಲ್ಲಗೆ ತಳ್ಳೋ ಹೊಡೆತಕ್ಕೆ ಪಟ್ ಅಂತಾರೆ, ಸಾಮಾನ್ಯವಾಗಿ ಎರಡು ಪಟ್‌ನಲ್ಲಿ ಚೆಂಡು ಕುಳಿಗೆ ಬೀಳ್ಬೇಕು, ಐದು ಸುತ್ತಿನಲ್ಲಿ ನಿಕ್ಲಾಸ್ ಮೂರು ಪಟ್ ತಗೊಂಡಿದ್ದು ಒಂದೇ ಒಂದು ಸಲ, ಪಾಮರ್ ಹತ್ತಕ್ಕೂ ಹೆಚ್ಚು ಸಲ. 32 ವರ್ಷ ಆದ್ಮೇಲೆ, 1994ರಲ್ಲಿ, ಪಾಮರ್ ತಮ್ಮ ಕೊನೇ ಯುಎಸ್ ಓಪನ್ ಆಡಿದ್ದೂ ಇದೇ ಮೈದಾನದಲ್ಲೇ, ಆಟ ಮುಗಿಸಿ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ರು.

1973ರಲ್ಲಿ ಜಾನಿ ಮಿಲ್ಲರ್ ಕೊನೇ ದಿನ 63 ಹೊಡೆದ್ರು. ಮಳೆ ಬಂದು ಗ್ರೀನ್ ಮೆತ್ತಗಾಗಿತ್ತು, ನಿಜ, ಆದ್ರೂ ಅದೇ ಮೆತ್ತಗಿನ ಗ್ರೀನ್ ಮೇಲೆ ಉಳಿದೋರೂ ಆಡಿದ್ರಲ್ಲ, 63 ಯಾರಿಗೂ ಬರ್ಲಿಲ್ಲ.

ಈಗ ಮರಗಳ ವಿಷ್ಯ, ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಇದು. ಫೌನ್ಸ್ ಕಾಲದ ಓಕ್‌ಮಾಂಟ್ ಬಟ್ಟ ಬಯಲು. ಎರಡನೇ ಮಹಾಯುದ್ಧ ಮುಗಿದ ನಂತರದ ದಶಕಗಳಲ್ಲಿ, ಬೋಳಾಗಿ ಕಾಣುತ್ತೆ ಅಂತ ಕ್ಲಬ್‌ನೋರು ಸಾವಿರಾರು ಗಿಡ ನೆಟ್ರು, ಅವು ಬೆಳೆದು ಕಾಡಾಯ್ತು, ಒಂದು ಹೋಲ್‌ನಿಂದ ಇನ್ನೊಂದು ಕಾಣದ ಹಾಗಾಯ್ತು. ನೆರಳು ಬಿದ್ದ ಕಡೆ ಹುಲ್ಲು ಕುಗ್ಗುತ್ತೆ, ಗಾಳಿ ಆಡದಿದ್ರೆ ಬೂಷ್ಟು ರೋಗ ಬರುತ್ತೆ, ಬೇರು ನೀರನ್ನೆಲ್ಲ ಕುಡಿದುಬಿಡುತ್ತೆ, ಇದು ತೋಟ ಮಾಡಿದ ಯಾರಿಗಾದ್ರೂ ಗೊತ್ತು. 1990ರ ದಶಕದಲ್ಲಿ ಕೆಲವರು ಮೈದಾನವನ್ನ ಮೊದಲಿನ ಹಾಗೆ ಮಾಡ್ಬೇಕು ಅಂತ ನಿರ್ಧಾರ ಮಾಡಿದ್ರು, ಆದ್ರೆ ಮರ ಕಡೀತೀವಿ ಅಂದ್ರೆ ಸದಸ್ಯರು ಸುಮ್ನಿರ್ತಾರಾ? ಅದಕ್ಕೆ ಕತ್ತಲಲ್ಲಿ ಕೆಲಸ. ಬೆಳಗಿನ ಜಾವ ಸದಸ್ಯರು ಬರೋಕೆ ಮುಂಚೆ ದೀಪ ಹಾಕ್ಕೊಂಡು ಒಂದಷ್ಟು ಮರ ಉರುಳಿಸೋದು, ಬುಡ ತೆಗೆಯೋದು, ಮರದ ಹೊಟ್ಟೆಲ್ಲ ಗುಡಿಸಿ, ಆ ಜಾಗದಲ್ಲಿ ಹುಲ್ಲಿನ ಹಲಗೆ ಹಾಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಟುಹೋಗೋದು. ಬಹಳ ದಿನ ಯಾರಿಗೂ ಗೊತ್ತಾಗ್ಲಿಲ್ಲವಂತೆ. ಗೊತ್ತಾದ ಮೇಲೆ ಕ್ಲಬ್ ಒಳಗೆ ದೊಡ್ಡ ಜಗಳ. ಆದ್ರೂ ಕಡಿಯೋದು ನಿಲ್ಲಲಿಲ್ಲ, ಸಾವಿರ ಸಾವಿರ ಮರ ಹೋದ್ವು, ಈಗ ಕ್ಲಬ್‌ಹೌಸ್ ಮುಂದೆ ನಿಂತ್ರೆ ಹೆಚ್ಚು ಕಮ್ಮಿ ಎಲ್ಲಾ ಹೋಲ್‌ಗಳ ಬಾವುಟ ಕಾಣುತ್ತೆ.

ನಾನು ಜೀವನಪೂರ್ತಿ ಗಿಡ ನೆಟ್ಟೋನು, ಮರ ಕಡಿದ ಕಥೆ ಕೇಳಿದ್ರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಆದ್ರೆ ಅಲ್ಲಿ ನಿಂತು ನೋಡಿದಾಗ ಆ ಇಳಿಜಾರು, ಆ ಬಯಲು, ಗಾಳಿ ಬೀಸಿದಾಗ ಹುಲ್ಲು ಒಟ್ಟಿಗೇ ಬಾಗೋದು, ಇದನ್ನ ಮುಚ್ಚಿದ್ದು ತಪ್ಪೇ ಅನ್ನಿಸ್ತು. ಗುಟ್ಟಾಗಿ ಕಡಿದ ರೀತಿ ಮಾತ್ರ ಈಗ್ಲೂ ನಂಗೆ ಒಪ್ಪಿಗೆ ಇಲ್ಲ, ಸದಸ್ಯರ ಮುಂದೆ ಇಟ್ಟು ಮಾಡ್ಬಹುದಿತ್ತು.

ಇನ್ನೊಂದು ಮಾತು ಹೇಳದೆ ಮುಂದೆ ಹೋದ್ರೆ ಸರಿ ಆಗಲ್ಲ. ಇಂಥ ಖಾಸಗಿ ಕ್ಲಬ್‌ಗಳು ಅಂದ್ರೆ ಗೇಟಿನ ಒಳಗೆ ಯಾರು, ಹೊರಗೆ ಯಾರು ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಅಮೆರಿಕದ ಪಿಜಿಎ ಸಂಸ್ಥೆಯ ನಿಯಮದಲ್ಲೇ 1961ರ ವರೆಗೆ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ಬರೆದಿತ್ತು, 1951ರಲ್ಲಿ ಓಕ್‌ಮಾಂಟ್‌ನಲ್ಲಿ ಪಿಜಿಎ ಚಾಂಪಿಯನ್‌ಶಿಪ್ ನಡೆದಿದ್ದು ಆ ನಿಯಮ ಇದ್ದಾಗ್ಲೇ. 1990ರಲ್ಲಿ ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನ ಸ್ಥಾಪಕರು ಕಪ್ಪು ಜನರನ್ನ ಸದಸ್ಯರಾಗಿ ಸೇರಿಸ್ಕೊಳ್ಳಲ್ಲ ಅನ್ನೋ ಅರ್ಥದಲ್ಲಿ ಮಾತಾಡಿ ದೇಶದ ತುಂಬಾ ಗಲಾಟೆ ಆಯ್ತು, ಜಾಹೀರಾತು ಕೊಡೋರು ಹಿಂದೆ ಸರಿದ್ರು, ಆಮೇಲೇ ಇಂಥ ಭೇದ ಮಾಡೋ ಕ್ಲಬ್‌ಗೆ ದೊಡ್ಡ ಪಂದ್ಯ ಕೊಡಲ್ಲ ಅಂತ ಸಂಸ್ಥೆಗಳು ನಿಯಮ ಮಾಡಿದ್ದು. ಚಾಂಪಿಯನ್‌ಶಿಪ್ ಬೇಕು ಅನ್ನೋ ಆಸೆಯೇ ಎಷ್ಟೋ ಕ್ಲಬ್‌ಗಳ ಬಾಗಿಲು ತೆರೆಸ್ತು.

ಮತ್ತೆ 2025ಕ್ಕೆ ಬರೋಣ. ನಾವು ಹೋದ ದಿನ ಹಗ್ಗದ ಪಕ್ಕ ನಿಂತಿದ್ದೆ, ಒಬ್ಬ ಆಟಗಾರ ಪ್ರಾಕ್ಟೀಸಿಗೆ ಅಂತ ರಫ್ ಒಳಗೆ ಚೆಂಡು ಬಿಟ್ಟ. ರಫ್ ಅಂದ್ರೆ ದಾರಿಯ ಅಕ್ಕಪಕ್ಕ ಬೆಳೆಸಿರೋ ಉದ್ದ ಹುಲ್ಲು, ಐದು ಇಂಚು. ನನ್ನಿಂದ ಎರಡು ಮಾರು ದೂರ. ಚೆಂಡು ಬಿತ್ತು, ಕಾಣ್ಲಿಲ್ಲ. ಬಿಟ್ಟೋನೂ ಬಗ್ಗಿ ನೋಡ್ದ, ಅವನ ಚೀಲ ಹೊರೋ ಕ್ಯಾಡಿ ಕಾಲಿನಿಂದ ಹುಲ್ಲು ಸರಿಸಿ ಸರಿಸಿ ನೋಡ್ದ, ಆಮೇಲೆ ಸಿಕ್ತು. ಕೈಗೆ ಸಿಕ್ಕಷ್ಟು ಹುಲ್ಲು ನಾನೂ ಮುಟ್ಟಿ ನೋಡಿದೆ, ಬುಡ ಎಷ್ಟು ಒತ್ತಾಗಿತ್ತು ಅಂದ್ರೆ ಬೆರಳು ಮಣ್ಣಿಗೆ ಹೋಗ್ಲೇ ಇಲ್ಲ.

ಕೊನೇ ದಿನ ಮನೇಲಿ ಟಿವಿ ಮುಂದೆ ಕೂತಿದ್ವಿ. ಜೆ. ಜೆ. ಸ್ಪಾನ್ ಅನ್ನೋ ಆಟಗಾರ, ಹೆಚ್ಚು ಜನಕ್ಕೆ ಹೆಸರೂ ಗೊತ್ತಿಲ್ಲ, ಅವತ್ತು ಬೆಳಗಿನ ಜಾವ ಮೂರು ಗಂಟೆಗೆ ಪುಟ್ಟ ಮಗಳಿಗೆ ವಾಂತಿ ಆಗ್ತಿದೆ ಅಂತ ಔಷಧಿ ಅಂಗಡಿಗೆ ಓಡಿದ್ನಂತೆ. ಮೈದಾನಕ್ಕೆ ಬಂದ್ರೆ ಮೊದಲ ಆರು ಹೋಲ್‌ನಲ್ಲಿ ಐದು ಬೋಗಿ, ಅಂದ್ರೆ ಐದು ಕಡೆ ಒಂದೊಂದು ಹೊಡೆತ ಜಾಸ್ತಿ. ಎರಡನೇ ಹೋಲ್‌ನಲ್ಲಿ ಚೆನ್ನಾಗೇ ಹೊಡೆದ ಚೆಂಡು ಬಾವುಟದ ಕೋಲಿಗೆ ತಾಗಿ ಹಿಂದಕ್ಕೆ ಉರುಳಿ ಉರುಳಿ ಗ್ರೀನ್‌ನಿಂದ ಎಷ್ಟೋ ದೂರ ಬಂತು, ನನ್ನ ಹೆಂಡ್ತಿ ಅಯ್ಯೋ ಪಾಪ ಅಂದ್ಲು. ಆಮೇಲೆ ಮಳೆ, ಒಂದೂವರೆ ಗಂಟೆ ಆಟ ನಿಂತಿತು. ಬಟ್ಟೆ ಬದಲಾಯಿಸಿ ಬಂದೋನು ಬೇರೆ ಮನುಷ್ಯನೇ ಆಗಿದ್ದ. 17ನೇ ಹೋಲ್‌ನಲ್ಲಿ ಒಂದೇ ಏಟಿಗೆ ಗ್ರೀನ್ ಮುಟ್ಟಿದ. 18ರಲ್ಲಿ 64 ಅಡಿ ದೂರದ ಪಟ್, ಎರಡರಲ್ಲಿ ಹಾಕಿದ್ರೆ ಸಾಕಿತ್ತು, ಚೆಂಡು ಮಳೇಲಿ ನೆನೆದ ಆ ಹುಲ್ಲಿನ ಮೇಲೆ ಬಳಸ್ಕೊಂಡು ಬಳಸ್ಕೊಂಡು ಬಂದು ನೇರ ಕುಳಿಗೇ ಬಿತ್ತು. ಒಟ್ಟು 279, ಪಾರ್‌ಗಿಂತ, ಅಂದ್ರೆ ಮೈದಾನಕ್ಕೆ ನಿಗದಿ ಮಾಡಿರೋ ಹೊಡೆತಗಳ ಲೆಕ್ಕಕ್ಕಿಂತ, ಒಂದು ಕಮ್ಮಿ, ಇಡೀ ಪಂದ್ಯದಲ್ಲಿ ಪಾರ್‌ಗಿಂತ ಕೆಳಗೆ ಮುಗಿಸಿದೋನು ಆತ ಒಬ್ನೇ. ಎರಡನೇ ಸ್ಥಾನ ಬಂದ ಸ್ಕಾಟ್ಲೆಂಡಿನ ರಾಬರ್ಟ್ ಮ್ಯಾಕಿಂಟೈರ್ ಒಳಗೆ ಟಿವಿಯಲ್ಲಿ ಇದನ್ನ ನೋಡಿ, ತಾನು ಸೋತೆ ಅನ್ನೋದು ಗೊತ್ತಾದ ಆ ಕ್ಷಣದಲ್ಲೇ ಚಪ್ಪಾಳೆ ತಟ್ಟಿದ್ರು.

ಮುಂದೆ 2028ರಲ್ಲಿ ಮಹಿಳೆಯರ ಯುಎಸ್ ಓಪನ್ ಓಕ್‌ಮಾಂಟ್‌ಗೆ ಬರುತ್ತೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅಲ್ಲಿ ಆಡ್ಬೇಕು ಅಂತ ನನ್ನಾಸೆ, ಆ ಗ್ರೀನ್ ಮೇಲೆ ಬೇಕಾಗಿರೋದು ಶಕ್ತಿ ಅಲ್ಲ, ಒಳ್ಳೆ ಪಟ್ ಹೊಡೆಯೋ ಕೈ, ಅದು ಆ ಹುಡುಗಿಗೆ ಇದೆ. ಮಗಳಿಗೆ ಈಗ್ಲೇ ಹೇಳಿಟ್ಟಿದ್ದೀನಿ, ಟಿಕೆಟ್ ತೆಗೆದಿಡು, ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸ್ಕೊಂಡು ಅಲ್ಲಿಂದ ನೇರ ಮೈದಾನಕ್ಕೆ ಹೋಗೋಣ ಅಂತ.

ನಮಸ್ಕಾರ.