ಹಿತ್ತಲಲ್ಲಿ ಎಲ್ಮ್ ಇರಲಿ, ಆದರೆ ಒಂದೇ ಇರಲಿ

ನಮಸ್ಕಾರ. ನನ್ನ ಅಂಗೈಯಲ್ಲಿರುವ ಈ ಬೀಜ ನೋಡಿ. ತೆಳು ಕಾಗದದಂಥ ಪುಟ್ಟ ಬಿಲ್ಲೆ, ನಡುವೆ ಒಂದು ಕಾಳು, ಅಂಚಿನ ಸುತ್ತ ನವಿರು ಕೂದಲು. ಬೆಂಗಳೂರಿನಲ್ಲಿ ಬೆಳೆದವರಿಗೆ ತಪಸಿ ಮರದ ಬೀಜ ನೆನಪಾಗುತ್ತದೆ, ಅಲ್ವಾ? ಎರಡೂ ಒಂದೇ ಕುಟುಂಬದವು. ಇದು ಅಮೆರಿಕನ್ ಎಲ್ಮ್. ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಉಳಿದಿರುವ ಹಳೇ ಎಲ್ಮ್ ಒಂದೇ, ಅದರ ಕೆಳಗೆ ಹೆಕ್ಕಿದೆ.

ಉಳಿದವು ಏನಾದವು? 1930ರ ಸುಮಾರಿಗೆ ಯುರೋಪಿನ ದಿಮ್ಮಿಗಳ ಜೊತೆ ಡಚ್ ಎಲ್ಮ್ ರೋಗ ಈ ದೇಶಕ್ಕೆ ಬಂತು. ಅದೊಂದು ಶಿಲೀಂಧ್ರ. ತೊಗಟೆ ಕೊರೆಯುವ ಸಣ್ಣ ದುಂಬಿಗಳು ಅದನ್ನು ಹೊತ್ತು ತರುತ್ತವೆ. ಅದನ್ನು ತಡೆಯಲು ಹೋಗಿ ಮರ ತನ್ನ ನೀರಿನ ನಾಳಗಳನ್ನೇ ಮುಚ್ಚಿಕೊಳ್ಳುತ್ತದೆ. ಜೂನ್‌ನಲ್ಲಿ ಹಚ್ಚಗಿರುವ ಮರದಲ್ಲಿ ಒಂದೇ ಕೊಂಬೆ ಹಳದಿಯಾಗುತ್ತದೆ. ಅದರ ತೊಗಟೆ ಸುಲಿದರೆ ಒಳಗೆ ಕಂದು ಗೆರೆಗಳು.

ಆದರೆ ತಪ್ಪೆಲ್ಲ ಶಿಲೀಂಧ್ರದ್ದಲ್ಲ. ಬೀದಿ ಬೀದಿಗೂ ಎಲ್ಮ್ ಒಂದನ್ನೇ ಸಾಲಾಗಿ ನೆಟ್ಟಿದ್ದರು. ಪಕ್ಕಪಕ್ಕದ ಎಲ್ಮ್‌ಗಳ ಬೇರು ಮಣ್ಣಿನೊಳಗೆ ಬೆಸೆದುಕೊಳ್ಳುತ್ತವೆ. ಒಂದಕ್ಕೆ ರೋಗ ಬಂದರೆ ಸಾಕು, ದುಂಬಿ ಇಲ್ಲದಿದ್ದರೂ ಅದು ಬೇರಿನಲ್ಲೇ ಪಕ್ಕದ ಮರಕ್ಕೆ ದಾಟುತ್ತದೆ.

ಈಗ ರೋಗ ತಡೆಯುವ ತಳಿಗಳಿವೆ. ನಾನು ನೆಟ್ಟಿರುವುದು ಪ್ರಿನ್ಸ್‌ಟನ್. ನಮ್ಮ ರಾಜ್ಯದ್ದೇ ನರ್ಸರಿಯೊಂದು 1922ರಲ್ಲಿ, ರೋಗ ಬರುವ ಮೊದಲೇ, ಬರೀ ಅಂದ ನೋಡಿ ಆರಿಸಿದ ಮರ! ಇನ್ನೊಂದು ವ್ಯಾಲಿ ಫೋರ್ಜ್. ಜಾಗ ಇದ್ದವರು ಖಂಡಿತ ನೆಡಿ.

ಸಸಿ ಕೊಟ್ಟವರು ನನಗೆ "ಇದಕ್ಕೆ ರೋಗ ಬರೋದೇ ಇಲ್ಲ" ಎಂದಿದ್ದರು. ಅದು ಸರಿಯಲ್ಲ. ತಡೆದುಕೊಳ್ಳುವ ಶಕ್ತಿ ಜಾಸ್ತಿ, ಅಷ್ಟೇ. ಅದೂ ಈ ಒಂದು ರೋಗಕ್ಕೆ. ಎಲ್ಮ್ ಯೆಲ್ಲೋಸ್ ಅಂತ ಇನ್ನೊಂದಿದೆ, ಅದರ ಮುಂದೆ ಪ್ರಿನ್ಸ್‌ಟನ್ ನಿಲ್ಲುವುದಿಲ್ಲ. ಜೊತೆಗೆ, ಎಲ್ಲಾ ಪ್ರಿನ್ಸ್‌ಟನ್‌ಗಳೂ ಒಂದೇ ಮರದಿಂದ ಬಂದ ತದ್ರೂಪುಗಳು. ಒಂದು ತಡೆಯಲಾರದ ರೋಗವನ್ನು ಉಳಿದ ಯಾವುದೂ ತಡೆಯಲಾರದು. ಅದಕ್ಕೇ ಬೇಲಿಯುದ್ದಕ್ಕೂ ಇದನ್ನೇ ನೆಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದು ಎಲ್ಮ್ ನೆಟ್ಟು, ಪಕ್ಕದಲ್ಲಿ ಓಕ್ ನೆಡಿ, ಮೇಪಲ್ ನೆಡಿ.

ನನ್ನ ಮರದಲ್ಲಿ ಎರಡು ಕವಲು ಪೈಪೋಟಿಗೆ ಬಿದ್ದಂತೆ ಮೇಲೇರುತ್ತಿವೆ. ಹಾಗೇ ಬಿಟ್ಟರೆ ಮುಂದೆ ಗಾಳಿಗೆ ಸೀಳುತ್ತದೆ, ಒಂದನ್ನು ತೆಗೆಯಲೇಬೇಕು. ಆದರೆ ಈಗ ಮೇ ತಿಂಗಳು. ಹಸಿ ಗಾಯದ ವಾಸನೆಗೆ ದುಂಬಿ ಬರುತ್ತದೆ. ಗರಗಸ ಹೊರಗೆ ಬರುವುದು ಜನವರಿಗೇ.