ಸೊನ್ನೆ ಉದುರದಂತೆ: ಕಟಿಂಗ್ ಮಷೀನಿನಲ್ಲಿ ಕನ್ನಡದ ಶುಭಾಶಯ ಪತ್ರ

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನಲ್ಲಿ 'ಹ್ಯಾಪಿ ಬರ್ತ್‌ಡೇ' ಎಂದು ಕಾಗದದಲ್ಲಿ ಕತ್ತರಿಸಲು ಸಿದ್ಧ ವಿನ್ಯಾಸಗಳು ಎಷ್ಟು ಬೇಕಾದರೂ ಸಿಗುತ್ತವೆ. ಕನ್ನಡದ ಕಾರ್ಡ್ ಬೇಕೆಂದರೆ ಅಕ್ಷರದ ವಿನ್ಯಾಸವನ್ನು ನಾವೇ ಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಬರೆದ ಗೆರೆಯ ಗುಂಟ ಬ್ಲೇಡಿನಿಂದ ಕಾಗದ ಕತ್ತರಿಸುವ ಕ್ರಿಕಟ್, ಸಿಲೂಯೆಟ್, ಬ್ರದರ್ ಯಾವ ಮಷೀನ್ ಇದ್ದರೂ ಅದಕ್ಕೆ ಅಕ್ಷರ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು. ಗೆರೆ ಎಲ್ಲಿ ಮುಚ್ಚಿಕೊಳ್ಳುತ್ತದೋ ಅಲ್ಲಿ ಒಂದು ತುಂಡು ಕಳಚಿ ಬರುತ್ತದೆ. ಕನ್ನಡದಲ್ಲಿ ಹಾಗೆ ಕಳಚುವ ತುಂಡುಗಳು ಬಹಳ. ಅವನ್ನು ಹಿಡಿದಿಡುವುದೇ ಈ ಕೆಲಸದ ತಿರುಳು. ಇಂದಿನ ಮಾತು ಮುಖ್ಯವಾಗಿ ಅದರ ಬಗ್ಗೆ. ಉದಾಹರಣೆಗೆ 'ಸಂಕ್ರಾಂತಿ' ಎಂಬ ಪದ ತೆಗೆದುಕೊಳ್ಳೋಣ. ಎಳ್ಳು ಬೀರುವ ಪೊಟ್ಟಣದ ಜೊತೆ ಕೊಡುವ ಕಾರ್ಡ್ ಎಂದಿಟ್ಟುಕೊಳ್ಳಿ.

ಈ ಪದವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮೂರೇ ಅಕ್ಷರಗಳಿದ್ದರೂ ಇದರಲ್ಲಿ ಎರಡು ಸೊನ್ನೆಗಳಿವೆ, ಕ್ರಾ ಎಂಬಲ್ಲಿ ಒಂದು ಒತ್ತು ಇದೆ. ಸೊನ್ನೆ ಸಾಮಾನ್ಯವಾಗಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿರುವುದಿಲ್ಲ. ಒತ್ತು ಅನೇಕ ಫಾಂಟುಗಳಲ್ಲಿ ಕೆಳಗೆ ಬಿಡಿಯಾಗಿ ನಿಲ್ಲುತ್ತದೆ. ದೀರ್ಘದ ಗುರುತು ಬಿಡಿಯಾಗಿದೆಯೇ ಎಂದೂ ನೋಡಿಕೊಳ್ಳಬೇಕು. 'ವೈಕುಂಠ'ದ ಠ ಇನ್ನೂ ಕಷ್ಟ, ಅದರ ನಡುವಿನ ಚುಕ್ಕೆ ಯಾವುದಕ್ಕೂ ತಾಗಿರುವುದಿಲ್ಲ.

ಕಟಿಂಗ್ ಸಾಫ್ಟ್‌ವೇರಿನ ಟೆಕ್ಸ್ಟ್ ಟೂಲಿನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಬೇಡಿ. ಅಂಥಲ್ಲಿ ಒತ್ತು ಒಡೆದು 'ಕ್' ಮತ್ತು 'ರಾ' ಎಂದು ಬೇರೆಬೇರೆಯಾಗುವ ಸಾಧ್ಯತೆ ಹೆಚ್ಚು. ಅಕ್ಷರಗಳ ನಡುವಿನ ಅಂತರ ಬದಲಿಸಿದರೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ. ಉಚಿತವಾಗಿ ಸಿಗುವ, ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಪದವನ್ನು ಅಲ್ಲಿ ಬರೆದು, ಆಕೃತಿಯಾಗಿ ಬದಲಿಸಿ, ಆಮೇಲೆ ಮಷೀನಿಗೆ ಕೊಡಿ. 'ನುಡಿ' ಅಥವಾ 'ಬರಹ' ಎಂಬ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫಾಂಟಿನಲ್ಲಿರುವ ಪಠ್ಯವನ್ನು ಅಂಟಿಸಿದರೆ ಅರ್ಥವಿಲ್ಲದ ಲಿಪಿ ಕಾಣುತ್ತದೆ, ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಫಾಂಟ್ ದಪ್ಪಗಿರಲಿ. ಬಾಲೂ ತಮ್ಮ 2 ಮತ್ತು ಅನೇಕ್ ಕನ್ನಡ ಎರಡರಲ್ಲೂ ಎಕ್ಸ್‌ಟ್ರಾಬೋಲ್ಡ್ ಎಂಬ ಬಹಳ ದಪ್ಪ ರೂಪ ಇದೆ. ಎರಡೂ ಮುಕ್ತ ಪರವಾನಗಿಯವು, ಕಾರ್ಡ್ ಮಾರಿದರೂ ತೊಡಕಿಲ್ಲ. ಸಿದ್ಧ ಎಸ್‌ವಿಜಿ (ಗೆರೆಗಳಾಗಿ ಉಳಿಸಿದ ಕಡತ) ಚಿತ್ರ ಕೊಂಡಾಗ ಮಾತ್ರ ಸ್ವಂತ ಬಳಕೆಗೋ ಮಾರಾಟಕ್ಕೂ ಆದೀತೋ ಎಂದು ಪರವಾನಗಿ ಓದಿಕೊಳ್ಳಿ. ಕತ್ತರಿಸುವ ಅಕ್ಷರದಲ್ಲಿ ಅತಿ ತೆಳುವಾದ ಭಾಗವೂ ಒಂದು ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಒತ್ತು ಮೇಲಿನ ಅಕ್ಷರಕ್ಕಿಂತ ಚಿಕ್ಕದು. ಆದ್ದರಿಂದ ಅಳತೆ ನೋಡುವಾಗ ಒತ್ತನ್ನೇ ನೋಡಿ, ದೊಡ್ಡ ಅಕ್ಷರವನ್ನಲ್ಲ. ಇದೇ ಕಾರಣಕ್ಕೆ ಇಡೀ ವಾಕ್ಯವನ್ನು ಕತ್ತರಿಸುವ ಆಸೆ ಬಿಡುವುದು ಒಳ್ಳೆಯದು. 'ಸಂಕ್ರಾಂತಿ'ಯನ್ನು 25ರಿಂದ 30 ಮಿಲಿಮೀಟರ್ ಎತ್ತರಕ್ಕೆ ದೊಡ್ಡದಾಗಿ ಕತ್ತರಿಸಿ, 'ಹಬ್ಬದ ಶುಭಾಶಯಗಳು' ಎಂಬುದನ್ನು ಕೆಳಗೆ ಮುದ್ರಿಸಿ. ಮಷೀನಿಗೆ ಪೆನ್ ಸಿಕ್ಕಿಸಿ ಬರೆಸಿದರೆ ಅದು ಅಕ್ಷರದ ಎರಡೂ ಅಂಚು ಗೀಚುತ್ತದೆ. ಚಿಕ್ಕ ಗಾತ್ರದಲ್ಲಿ ಅದು ಓದಲು ಚೆನ್ನಾಗಿರುವುದಿಲ್ಲ.

ಈಗ ಇಂಕ್‌ಸ್ಕೇಪ್‌ನ ಹೆಜ್ಜೆಗಳು. ಪದ ಬರೆದು ಅಳತೆ ಸರಿ ಮಾಡಿದ ಮೇಲೆ ಪಾಥ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾಥ್' ಕೊಡಿ. ಇಲ್ಲಿಂದ ಮುಂದೆ ಕಾಗುಣಿತ ತಿದ್ದಲು ಬರುವುದಿಲ್ಲ. ಅದಕ್ಕೇ ಮೊದಲೇ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ನಂತರ ಅನ್‌ಗ್ರೂಪ್ (ಗುಂಪು ಬಿಡಿಸುವುದು), ಆಮೇಲೆ ಯೂನಿಯನ್ (ಒಂದಾಗಿಸುವುದು). ಯೂನಿಯನ್ ಮರೆತರೆ ಕೊಂಬು, ದೀರ್ಘಗಳು ಅಕ್ಷರದ ಮೇಲೆ ಹಾಯುವ ಕಡೆ ಬ್ಲೇಡ್ ಎರಡೂ ಗೆರೆಗಳನ್ನು ಕತ್ತರಿಸಿ ಅಕ್ಷರವನ್ನು ಸೀಳಿಬಿಡುತ್ತದೆ. ಪರದೆಯಲ್ಲಿ ತುಂಬಿದ ಬಣ್ಣ ಈ ದೋಷವನ್ನು ಮುಚ್ಚಿಡುತ್ತದೆ. ವ್ಯೂ ಮೆನುವಿನಲ್ಲಿ ಔಟ್‌ಲೈನ್ ನೋಟಕ್ಕೆ ಹೋದರೆ ಮಷೀನ್ ಕಾಣುವುದು ನಮಗೂ ಕಾಣುತ್ತದೆ. ಕತ್ತರಿಸುವ ಮುನ್ನ ಪ್ರತಿ ಸಲ ಈ ನೋಟ ನೋಡಲೇಬೇಕು.

ಬಿಡಿ ತುಂಡುಗಳನ್ನು ಕೂಡಿಸಲು ಎರಡು ದಾರಿ, ಅಕ್ಷರವನ್ನು ಹೇಗೆ ಬಳಸುತ್ತೇವೆ ಎಂಬುದರ ಮೇಲೆ.

ಅಕ್ಷರವನ್ನು ಕತ್ತರಿಸಿ ಕಾರ್ಡಿನ ಮೇಲೆ ಅಂಟಿಸುವುದಾದರೆ ಹಿಂದೊಂದು ನೆರಳಿನ ಪದರ ಮಾಡಿ. ಪದದ ಪ್ರತಿ ತೆಗೆದು ಔಟ್‌ಸೆಟ್ ಅಥವಾ ಡೈನಮಿಕ್ ಆಫ್‌ಸೆಟ್‌ನಿಂದ ಸುತ್ತಲೂ 2.5 ಮಿಲಿಮೀಟರ್ ಹಿಗ್ಗಿಸಿ. ಎರಡೂ ಕಡೆಯಿಂದ ಹಿಗ್ಗುವುದರಿಂದ 5 ಮಿಲಿಮೀಟರ್‌ವರೆಗಿನ ಸಂದು ಮುಚ್ಚಿಹೋಗುತ್ತದೆ. ಸೊನ್ನೆ, ಒತ್ತು ಎಲ್ಲ ಒಂದೇ ತಳದ ಮೇಲೆ ಬರುತ್ತವೆ. ತಳಕ್ಕೆ ಕಡು ಬಣ್ಣ, ಮೇಲಿನ ಅಕ್ಷರಕ್ಕೆ ತಿಳಿ ಬಣ್ಣ ಇದ್ದರೆ ದೂರದಿಂದಲೂ ಓದಬಹುದು. ಸೊನ್ನೆಯನ್ನು ಎಲ್ಲಿ ಅಂಟಿಸಬೇಕೆಂದು ಅಂದಾಜು ಹಾಕುವ ಕಷ್ಟವೂ ಇಲ್ಲ, ತಳದ ಆಕಾರವೇ ಜಾಗ ತೋರಿಸುತ್ತದೆ.

ಕಾರ್ಡಿನ ಮುಖದಲ್ಲೇ ಅಕ್ಷರದ ಆಕಾರದ ಕಿಂಡಿ ತೆಗೆಯುವುದಾದರೆ ಲೆಕ್ಕ ತಲೆಕೆಳಗು. ಈಗ ಒತ್ತು ಬಿಡಿಯಾಗಿದ್ದರೆ ಅನುಕೂಲವೇ, ಅದೂ ಒಂದು ಕಿಂಡಿ ಅಷ್ಟೆ. ಉದುರುವುದು ಸೊನ್ನೆಯೊಳಗಿನ ಬಿಲ್ಲೆ ಮತ್ತು ಅಕ್ಷರಗಳ ಮುಚ್ಚಿದ ಹೊಟ್ಟೆ. ಅವಕ್ಕೆ ಸೇತುವೆ ಬೇಕು. 1.5 ಮಿಲಿಮೀಟರ್ ಅಗಲದ ಆಯತ ಬರೆದು, ಅದನ್ನು ಸೊನ್ನೆಯ ಉಂಗುರಕ್ಕೆ ಅಡ್ಡಲಾಗಿಟ್ಟು 'ಡಿಫರೆನ್ಸ್' ಕೊಟ್ಟರೆ ಉಂಗುರ ಎರಡು ಕಮಾನುಗಳಾಗುತ್ತದೆ, ನಡುವಿನ ಬಿಲ್ಲೆ ಎರಡು ಕಡೆ ಹಿಡಿದುಕೊಂಡಿರುತ್ತದೆ. ಒಂದೇ ಕಡೆ ಸೇತುವೆ ಇದ್ದರೆ ಬಿಲ್ಲೆ, ಕಾಗದ ಹಿಡಿದಿಡುವ ಅಂಟಿನ ಮ್ಯಾಟಿನಿಂದ ಬಿಡಿಸುವಾಗ ಮೇಲೆದ್ದು ಮುರಿಯುತ್ತದೆ. ಮಥುರಾ, ವೃಂದಾವನದ ಸಾಂಝಿ ಕಲೆಯವರು ಕತ್ತರಿಯಿಂದಲೇ ತೆಗೆಯುವ ಕಾಗದದ ಅಚ್ಚುಗಳಲ್ಲೂ ಚಿತ್ರ ಉದುರದೆ ನಿಂತಿರುವುದು ಇಂಥ ಸೇತುವೆಗಳಿಂದ. ಅವರು ಸೇತುವೆಯನ್ನೇ ಎಲೆ, ಬಳ್ಳಿಗಳ ಅಂದವಾಗಿಸುತ್ತಾರೆ. ಕನ್ನಡ ಅಕ್ಷರಗಳ ದುಂಡು ತಿರುವುಗಳಿಗೂ ಆ ಬಗೆ ಚೆನ್ನಾಗಿ ಒಪ್ಪುತ್ತದೆ.

ಚಿತ್ರಕ್ಕೂ ಇದೇ ಎಚ್ಚರ. ಕಬ್ಬಿನ ಗರಿಯ ತುದಿ ಸೂಜಿಯಂತೆ ಮೊನಚಾದರೆ ಅಲ್ಲೇ ಹರಿಯುತ್ತದೆ, ತುದಿಯನ್ನು ಸ್ವಲ್ಪ ಮೊಂಡು ಮಾಡಿ. ಫೋಟೊದಿಂದ ಟ್ರೇಸ್ ಮಾಡಿದ ಚಿತ್ರದಲ್ಲಿ ನೋಡ್‌ಗಳು (ಗೆರೆಯನ್ನು ರೂಪಿಸುವ ಬಿಂದುಗಳು) ವಿಪರೀತ ಇರುತ್ತವೆ. ಬ್ಲೇಡ್ ನಡುಗಿದಂತೆ ಚಲಿಸಿ ಅಂಚು ಗರಗಸದ ಹಾಗಾಗುತ್ತದೆ. ನೋಡ್ ಕಡಿಮೆ ಮಾಡುವ 'ಸಿಂಪ್ಲಿಫೈ' ಒಂದೆರಡು ಸಲ ಕೊಟ್ಟು ಆಕಾರ ಕೆಟ್ಟಿಲ್ಲವೆಂದು ನೋಡಿಕೊಳ್ಳಿ.

ಕಡತವನ್ನು ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ. ಸಿಲೂಯೆಟ್ ಸ್ಟುಡಿಯೊದ ಉಚಿತ ಆವೃತ್ತಿ ನಿಮ್ಮ ಎಸ್‌ವಿಜಿಯನ್ನು ತೆರೆಯುವುದಿಲ್ಲ, ಅದಕ್ಕೆ ಡಿಎಕ್ಸ್‌ಎಫ್ ಎಂಬ ಬೇರೆ ಬಗೆಯ ಕಡತ ಕೊಡಬೇಕು. ವಿನ್ಯಾಸದ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಚೌಕ ಇಟ್ಟಿರಿ. ಇಂಕ್‌ಸ್ಕೇಪ್ ಇಂಚಿಗೆ 96 ಬಿಂದು ಲೆಕ್ಕ ಹಾಕುತ್ತದೆ. ತೆರೆಯುವ ಸಾಫ್ಟ್‌ವೇರ್ 72 ಎಂದುಕೊಂಡರೆ ಆ ಚೌಕ 133 ಮಿಲಿಮೀಟರ್ ಆಗಿರುತ್ತದೆ. ಚೌಕ ನೋಡಿ ಗಾತ್ರ ಸರಿಪಡಿಸಿ, ಕತ್ತರಿಸುವ ಮುನ್ನ ಅದನ್ನು ಅಳಿಸಿ.

ಕಾಗದ. ಕಾರ್ಡಿನ ಮೈಗೆ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ), ಅಕ್ಷರಕ್ಕೆ 180ರಿಂದ 220. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಪ್ರತಿ ಅರ್ಧವನ್ನು ಮಡಚಿದರೆ 105 × 148 ಮಿಲಿಮೀಟರಿನ ಕಾರ್ಡ್. ಸಿ6 ಲಕೋಟೆ 114 × 162, ಕಾರ್ಡ್ ಸಲೀಸಾಗಿ ಕೂರುತ್ತದೆ. ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಹೋಗುತ್ತದೆ, ಹಾಗಿದ್ದರೆ ಈ ಮಡಿಕೆ ನಾರಿನ ಗುಂಟವೇ ಬಂದು ಅಂಚು ನಯವಾಗಿರುತ್ತದೆ. ದೊಡ್ಡ ಡ್ರಾಯಿಂಗ್ ಶೀಟಿನಿಂದ ಕತ್ತರಿಸಿಕೊಂಡಿದ್ದರೆ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ದಿಕ್ಕಿನಲ್ಲೇ ಮಡಿಕೆ ಬರಬೇಕು. ಮಡಿಕೆಯ ಗೆರೆ ಒತ್ತಿದ ಮೇಲೆ, ಉಬ್ಬಿದ ಕಡೆ ಒಳಗೆ ಬರುವಂತೆ ಮಡಚಿ. ತಿರುಗಾಮುರುಗಾ ಮಡಚಿದರೆ ಬಣ್ಣದ ಪದರ ಬಿರಿದು ಬಿಳಿ ಕಾಣುತ್ತದೆ. ಮಳೆಗಾಲದಲ್ಲಿ, ಕರಾವಳಿಯಲ್ಲಂತೂ, ಕಾಗದ ತೇವ ಹೀರಿ ಮೆತ್ತಗಾಗುತ್ತದೆ. ಹೊಸ ಬ್ಲೇಡ್ ಕೂಡ ಅದನ್ನು ಎಳೆದು ಹರಿಯುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಮಷೀನಿನಲ್ಲಿ ಪರೀಕ್ಷೆಗೆ ಬರೀ ಚೌಕ ಕತ್ತರಿಸಿದರೆ ಏನೂ ತಿಳಿಯುವುದಿಲ್ಲ. ಅದೇ ಕಾಗದದ ಚೂರಿನಲ್ಲಿ, ಅದೇ ಗಾತ್ರದಲ್ಲಿ, 'ಕ್ರಾಂ' ಒಂದನ್ನೇ ಕತ್ತರಿಸಿ. ತಿರುವಿನಲ್ಲಿ ಕಾಗದ ಎದ್ದಿದ್ದರೆ ವೇಗ ಇಳಿಸಿ. ಅಂಚು ಜೂಲಾಗಿದ್ದರೆ ಬ್ಲೇಡಿನ ತುದಿಯಲ್ಲಿ ಕಾಗದದ ನಾರು ಸಿಕ್ಕಿಕೊಂಡಿರಬಹುದು. ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ಬ್ಲೇಡನ್ನು ಅದಕ್ಕೆ ಹಲವು ಸಲ ಚುಚ್ಚಿದರೆ ನಾರು ಬಿಡುತ್ತದೆ. ಆಗಲೂ ಸರಿಹೋಗದಿದ್ದರೆ ಬ್ಲೇಡ್ ಬದಲಿಸಿ. ದಪ್ಪ ಕಾಗದಕ್ಕೆ ಒಂದೇ ಸಲ ಜೋರಾಗಿ ಒತ್ತುವುದಕ್ಕಿಂತ ಹಗುರವಾಗಿ ಎರಡು ಸುತ್ತು ಹೊಡೆಸುವುದು ಮೇಲು, ಮ್ಯಾಟಿಗೂ ಗಾಯವಾಗುವುದಿಲ್ಲ. ಒಳಗಿನ ಕಿಂಡಿಗಳು ಮೊದಲು, ಹೊರ ಅಂಚು ಕೊನೆಗೆ. ಈ ಕ್ರಮ ತಪ್ಪಿದರೆ ತುಂಡು ಅಲುಗಿ ಸೊನ್ನೆ ಸೊಟ್ಟಗಾಗುತ್ತದೆ.

ಬಿಡಿಸುವಾಗ ಮ್ಯಾಟನ್ನು ಕವುಚಿ ಹಾಕಿ. ಕಾಗದವನ್ನು ಮೇಜಿಗೆ ಒತ್ತಿ ಹಿಡಿದು ಮ್ಯಾಟನ್ನು ಹಿಂದಕ್ಕೆ ಬಾಗಿಸಿ ಎತ್ತಬೇಕು. ಕಾಗದವನ್ನು ಎಳೆದರೆ ಅದು ಸುರುಳಿಯಾಗುತ್ತದೆ, ಸೇತುವೆ ಮುರಿಯುತ್ತದೆ. ಹೊಸ ಮ್ಯಾಟಿನ ಅಂಟು ಜಾಸ್ತಿಯಾದರೆ ಒಗೆದ ಹತ್ತಿಬಟ್ಟೆಯನ್ನು ಎರಡು ಮೂರು ಸಲ ಒತ್ತಿ ತೆಗೆಯಿರಿ.

ಅಂಟಿಸಲು ಫೆವಿಕಾಲ್ ಬಳಸುವುದಾದರೆ ಸಣ್ಣ ಮೂತಿಯ ಬಾಟಲಿಯಿಂದ ಚುಕ್ಕೆ ಚುಕ್ಕೆಯಾಗಿ. ಅದರಲ್ಲಿ ನೀರಿದೆ, ಬಳಿದರೆ ಕಾಗದ ಸೊಟ್ಟಗಾಗುತ್ತದೆ. ಅಂಟಿಸಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ಗಂಟೆ ಇಡಿ. ಫೋಮ್ ಟೇಪಿನಿಂದ ಅಕ್ಷರ ಎತ್ತರಿಸಿದರೆ ಚಂದ ಕಾಣುತ್ತದೆ, ಆದರೆ ಅದು ಕೈಯಲ್ಲಿ ಕೊಡುವ ಕಾರ್ಡಿಗೆ. ಅಂಚೆಯಲ್ಲಿ ಹೋಗುವ ಕಾರ್ಡ್ ಚಪ್ಪಟೆಯಾಗಿರಲಿ. ತೂಕವನ್ನೂ ನೋಡಿ. 250 ಜಿಎಸ್‌ಎಂ ಕಾಗದದ ಅರ್ಧ ಎ4 ಸುಮಾರು 7.8 ಗ್ರಾಂ. ಒಳಗೆ ಬರೆಯಲು ಅಷ್ಟೇ ಗಾತ್ರದ 80 ಜಿಎಸ್‌ಎಂನ ಹಾಳೆ ಸೇರಿಸಿದರೆ ಇನ್ನೂ 2.5 ಗ್ರಾಂ. ಲಕೋಟೆ ನಾಲ್ಕೈದು ಗ್ರಾಂ. ಸಾಮಾನ್ಯ ಅಂಚೆ ಪತ್ರದ ಮೊದಲ ತೂಕದ ಮಿತಿ 20 ಗ್ರಾಂ. ಅಂದರೆ ಅಕ್ಷರ, ನೆರಳು, ಕಬ್ಬಿನ ಗರಿ ಎಲ್ಲ ಸೇರಿ ನಾಲ್ಕು ಗ್ರಾಂ ಒಳಗಿದ್ದರೆ ಮಿತಿ ದಾಟುವ ಭಯವಿಲ್ಲ.