ಕೇಳಿಸಿತಾ, ಕೇಳಿದಿರಾ? ಹಿಯರ್, ಲಿಸನ್ ಗೊಂದಲ ಬಿಡಿಸೋಣ

ನಮಸ್ಕಾರ. ಫೋನಿನಲ್ಲಿ ಮಾತಾಡುತ್ತಿದ್ದೀರಿ, ಆ ಕಡೆಯಿಂದ ಸದ್ದೇ ಇಲ್ಲ. ಕನ್ನಡದಲ್ಲಾದರೆ 'ಹಲೋ, ಕೇಳಿಸ್ತಾ ಇದೆಯಾ?' ಅನ್ನುತ್ತೀರಿ. ಇಂಗ್ಲಿಷಿನಲ್ಲಿ 'ಆರ್ ಯು ಲಿಸನಿಂಗ್ ಟು ಮಿ?' ಅಂದುಬಿಟ್ಟರೆ? ವ್ಯಾಕರಣ ಸರಿಯಾಗೇ ಇದೆ. ಆದರೆ ಅದರ ಅರ್ಥ 'ನನ್ನ ಮಾತಿನ ಕಡೆ ಗಮನ ಇದೆಯಾ?' ಅಂತ. ಕೇಳಿದವರಿಗೆ ಗದರಿದ ಹಾಗೆ ಅನ್ನಿಸಬಹುದು. ಅಲ್ಲಿ ಬೇಕಾಗಿದ್ದು 'ಕ್ಯಾನ್ ಯು ಹಿಯರ್ ಮಿ?'

ಎರಡಕ್ಕೂ 'ಕೇಳು' ಅಂತಲೇ ಅರ್ಥ ಬರೆದುಕೊಂಡು ಕಲಿತಿರುತ್ತೇವೆ, ಅಲ್ವಾ? ಗೊಂದಲ ಶುರುವಾಗುವುದೇ ಅಲ್ಲಿ. ಆದರೆ ಈ ವ್ಯತ್ಯಾಸ ನಮ್ಮ ಮಾತಿನಲ್ಲೂ ಇದೆ, ಅದೂ ಎಷ್ಟು ಚೆನ್ನಾಗಿದೆ ನೋಡಿ.

[ತೆರೆಯ ಮೇಲೆ: ನನಗೆ ಕೇಳಿಸಿತು = ಐ ಹರ್ಡ್
ನಾನು ಕಿವಿಗೊಟ್ಟು ಕೇಳಿದೆ = ಐ ಲಿಸನ್ಡ್]

ಮಧ್ಯರಾತ್ರಿ ನಾಯಿ ಬೊಗಳಿತು. ನೀವೇನೂ ಮಾಡಲಿಲ್ಲ, ಸದ್ದು ತಾನಾಗಿ ಕಿವಿಗೆ ಬಿತ್ತು. ಅದು ಹಿಯರ್. ಆಮೇಲೆ ಎದ್ದು ಕೂತು, ಹೊರಗೆ ಯಾರಾದರೂ ಬಂದರಾ ಅಂತ ಉಸಿರು ಬಿಗಿಹಿಡಿದು ಕಿವಿಗೊಟ್ಟಿರಿ. ಅದು ಲಿಸನ್. 'ನನಗೆ' ಅಂತ ಬಂದರೆ ಹಿಯರ್, 'ನಾನು' ಅಂತ ಬಂದರೆ ಲಿಸನ್. ಹೆಚ್ಚಿನ ಕಡೆ ಇಷ್ಟೇ ಸಾಕು.

ಏನನ್ನು ಕೇಳಿದಿರಿ ಅಂತ ಹೇಳುವಾಗ ಲಿಸನ್ ಜೊತೆ 'ಟು' ಬೇಕೇ ಬೇಕು. 'ಲಿಸನ್ ಮ್ಯೂಸಿಕ್' ಅಲ್ಲ, 'ಲಿಸನ್ ಟು ಮ್ಯೂಸಿಕ್'. ಹಿಯರ್‌ಗೆ ಅದು ಬೇಡ. ಇನ್ನೊಂದು ಮಾತು: 'ಸದ್ದು ಕೇಳಿಸ್ತಾ ಇದೆ' ಅನ್ನುವುದನ್ನು ಹಾಗೇ ತಿರುಗಿಸಿ 'ಐ ಆಮ್ ಹಿಯರಿಂಗ್ ಎ ಸೌಂಡ್' ಅನ್ನಬೇಡಿ. 'ಐ ಕ್ಯಾನ್ ಹಿಯರ್ ಎ ಸೌಂಡ್' ಅನ್ನಿ.

ಕಣ್ಣಿಗೂ ಇದೇ ಲೆಕ್ಕ. ನನಗೆ ಕಂಡಿತು ಅಂದರೆ ಸೀ, ನಾನು ನೋಡಿದೆ ಅಂದರೆ ಲುಕ್.

[ತೆರೆಯ ಮೇಲೆ: ನೋಡಿದೆ, ಆದರೆ ಏನೂ ಕಾಣಲಿಲ್ಲ = ಐ ಲುಕ್ಡ್, ಬಟ್ ಐ ಡಿಡ್ ನಾಟ್ ಸೀ ಎನಿಥಿಂಗ್]

ಓಡಾಡುವ, ಬದಲಾಗುತ್ತಿರುವ ವಸ್ತುವನ್ನು ಸ್ವಲ್ಪ ಹೊತ್ತು ನೋಡುತ್ತಾ ಇದ್ದರೆ ಅದು ವಾಚ್. ಫೋಟೋ ಆದರೆ 'ಲುಕ್ ಅಟ್', ಮ್ಯಾಚ್ ಆದರೆ 'ವಾಚ್'.

ಈ ಲೆಕ್ಕ ಕೆಲವು ಕಡೆ ಕೈಕೊಡುತ್ತದೆ, ಅದನ್ನೂ ಹೇಳಲೇಬೇಕು. ನಾವು 'ಸುದ್ದಿ ಕೇಳಿದೆ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು 'ಐ ಹರ್ಡ್ ದ ನ್ಯೂಸ್'. ಯಾರೋ ಹೇಳಿದರು, ಕಿವಿಗೆ ಬಿತ್ತು ತಾನೇ? ಸಿನಿಮಾ ನೋಡಿದೆ ಅನ್ನುವುದಕ್ಕೆ 'ಸಾ', 'ವಾಚ್ಡ್' ಎರಡೂ ನಡೆಯುತ್ತವೆ.

ನಮ್ಮ 'ಕೇಳು'ಗೆ ಇನ್ನೂ ಒಂದು ಕೆಲಸ ಇದೆಯಲ್ಲ. 'ಅಮ್ಮನ ಮಾತು ಕೇಳು' ಅಂದರೆ 'ಲಿಸನ್ ಟು ಯುವರ್ ಮದರ್'. 'ಅಮ್ಮನನ್ನು ಕೇಳು' ಅಂದರೆ 'ಆಸ್ಕ್ ಯುವರ್ ಮದರ್'.